ಕಷಾಯದ ಮೊದಲ ಗುಟುಕು

ಅಣ್ಣನಿಗೆ ಮೂವತ್ತಾರು. ಕೊಪ್ಪದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ನರಸಿಂಹರಾಜಪುರಕ್ಕೆ ಹುಡುಗಿ ನೋಡಲು ಹೊರಡುವ ಹಿಂದಿನ ದಿನ ಊಟಕ್ಕೆ ಕೂತಾಗ ಹೇಳಿಬಿಟ್ಟ: "ನಂಗೆ ಹೆಣ್ಣಿನ ಮೇಲೂ ಆಸೆ ಇಲ್ಲ, ಗಂಡಿನ ಮೇಲೂ ಇಲ್ಲ. ಯಾವತ್ತೂ ಇರ್ಲಿಲ್ಲ. ಆ ಕೂಸಿನ ಬಾಳು ಯಾಕೆ ಹಾಳು ಮಾಡ್ಲಿ?"

ಮಜ್ಜಿಗೆ ಬಡಿಸುತ್ತಿದ್ದ ಸೋದರತ್ತೆಯ ಸೌಟು ಗಾಳಿಯಲ್ಲೇ ನಿಂತಿತು. ಡಿಗ್ರಿ ಮುಗಿಸಿದವಳೆಂಬ ಜಂಬದಲ್ಲಿ ನಾನು ಬಾಯಿ ಹಾಕಿದೆ. ಇದು ಕಾಯಿಲೆಯಲ್ಲ, ಇಂಥವರು ಎಲ್ಲ ಕಡೆ ಇದ್ದಾರೆ, ಇದಕ್ಕೆ ಅಸೆಕ್ಷುಯಲ್ ಅನ್ನುತ್ತಾರೆ ಎಂದೆ.

"ಇಂಗ್ಲಿಷಲ್ಲಿ ಹೆಸರಿದೆ ಅಂದ್ಮೇಲೆ ಮದ್ದೂ ಇರ್ಬೇಕಲ್ಲ ಮಾರಾಯ್ತಿ?" ಎಂದರು ಅತ್ತೆ.

ಮೂರೇ ದಿನದಲ್ಲಿ ಶೃಂಗೇರಿ ಕಡೆಯಿಂದ ಚಿಕ್ಕಪ್ಪ ಆಸೆ ಹುಟ್ಟಿಸುತ್ತದಂತೆ ಎಂದು ಯಾವುದೋ ಬೇರಿನ ಪುಡಿ ತಂದರು. ಕೊಟ್ಟವರು ಒಂದು ಚಿಟಿಕೆ ಎಂದಿದ್ದರಂತೆ. ಅಣ್ಣನ ಕೇಸು ದೊಡ್ಡದೆಂದು ಚಿಕ್ಕಪ್ಪ ಒಂದು ಚಮಚ ಮಾಡಿದರು. ಬೆಳಗಿನ ಕೊತ್ತಂಬರಿ ಕಷಾಯಕ್ಕೆ ಬೆಲ್ಲ ಜಾಸ್ತಿ ಹಾಕಿ ಅದರಲ್ಲಿ ಕದಡಿದರು.

"ಎಂತದು ಚಿಕ್ಕಪ್ಪ?" ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದೆ.

"ಶಕ್ತಿಗೆ. ನೀ ಸುಮ್ನಿರು."

ಸುಮ್ಮನಿದ್ದೆ. ಅದನ್ನೇ ಇಂದಿಗೂ ತಿರುತಿರುಗಿ ನೋಡುತ್ತೇನೆ: ಚಮಚ, ಲೋಟ, ಸುಮ್ಮನಿರುವ ನಾನು.

ಕುಡಿದ ಹತ್ತು ನಿಮಿಷಕ್ಕೆ ಅಣ್ಣ ವಾಂತಿ ಮಾಡಿದ. ಕೈಕಾಲು ಸೆಟೆದು ಜಗಲಿಯಲ್ಲಿ ಬಿದ್ದ. ಆಸ್ಪತ್ರೆ ತಲುಪುವವರೆಗೂ ಜೀಪಿನಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಪ್ರತಿ ತಿರುವಿನಲ್ಲೂ ಉಸಿರಿದೆಯೇ ಎಂದು ಮೂಗಿನ ಬಳಿ ಬೆರಳಿಡುತ್ತಿದ್ದೆ.

"ಏನು ತಿಂದಿದ್ರು?" ಡಾಕ್ಟರು ಕೇಳಿದರು.

"ಪಿತ್ತ," ಎಂದರು ಚಿಕ್ಕಪ್ಪ. "ದೃಷ್ಟಿ," ಎಂದರು ಅತ್ತೆ. ಅಣ್ಣನ ತುಟಿ ನೀಲಿಯಾಗುತ್ತಿತ್ತು. ಮನೆತನದ ಮರ್ಯಾದೆ ಮಾತ್ರ ಗಟ್ಟಿಮುಟ್ಟಾಗಿತ್ತು.

ಚಿಕ್ಕಪ್ಪನ ಜೇಬಿಗೆ ಕೈ ಹಾಕಿ ಪೊಟ್ಟಣ ಕಿತ್ತು ಡಾಕ್ಟರಿಗೆ ಕೊಟ್ಟೆ. ಎಲ್ಲ ಹೇಳಿದೆ.

ಅಣ್ಣ ಉಳಿದ. ಬಾಳೆಹಣ್ಣು ಹಿಡಿದು ನೋಡಲು ಬಂದ ನೆಂಟರು ನನ್ನನ್ನು ಪಕ್ಕಕ್ಕೆ ಕರೆದು, "ಅದ್ಸರಿ, ಮದ್ದು ಹಿಡೀತಾ?" ಎಂದು ವಿಚಾರಿಸಿದರು. ವಿಷ ಕೊಟ್ಟ ಚಿಕ್ಕಪ್ಪನಿಗೆ ಪಾಪ, ಒಳ್ಳೆಯ ಮನಸ್ಸು ಎಂಬ ಸಹಾನುಭೂತಿ ಸಿಕ್ಕಿತು. ಡಾಕ್ಟರು, ನರ್ಸಮ್ಮನ ಎದುರು ಮನೆಯ ಗುಟ್ಟು ಹೇಳಿದ ನನ್ನ ಜೊತೆ ಅತ್ತೆ ಒಂದು ತಿಂಗಳು ಮಾತಾಡಲಿಲ್ಲ.

ಈಗ ಅಣ್ಣ ಬೇರೆ ಯಾರು ಕೊಟ್ಟರೂ ಕಷಾಯ ಕುಡಿಯುವುದಿಲ್ಲ. ನಾನೇ ಕಾಯಿಸಿ, ಅವನ ಮುಂದೆ ಮೊದಲ ಗುಟುಕು ನಾನೇ ಕುಡಿಯಬೇಕು. ಅವನು ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಾನೆ.

"ಎಂತಾದ್ರೂ ಆಸೆ ಬಂತಾ?"

"ಇಲ್ಲ ಮಾರಾಯ."

"ಹಾಗಾದ್ರೆ ಸರಿ ಇದೆ. ಕೊಡು."