ಉಳಿದ ಮೀನು ಯಾರಿಗೆ?

ಯಾರನ್ನಾದರೂ ಹೊಸದಾಗಿ ಕಂಡರೆ "ನಿಮ್ಮದು ಯಾವ ಮನೆ?" ಎಂದು ಕೇಳದೆ ಇರಲು ನನ್ನಿಂದಾಗುವುದಿಲ್ಲ. ಇದು ನನ್ನೊಬ್ಬಳ ರೋಗವಲ್ಲ, ಕುಂದಾಪುರದ ಸುತ್ತಿನ ನಮ್ಮೆಲ್ಲರಿಗೂ ಹುಟ್ಟಿನಿಂದಲೇ ಅಂಟಿದ್ದು. ಬೈಂದೂರು ಬಸ್ಸು ಹತ್ತಿ ಪಕ್ಕದವರೊಡನೆ ಮಾತಿಗೆ ಕೂತರೆ ಹೆಮ್ಮಾಡಿ ಬರುವುದರೊಳಗೆ ಮನೆಯ ಹೆಸರು, ತ್ರಾಸಿಯೊಳಗೆ ಅವರ ಚಿಕ್ಕಮ್ಮನನ್ನು ಕೊಟ್ಟ ಊರು, ಮರವಂತೆಯ ಸಮುದ್ರ ಕಾಣುವ ಹೊತ್ತಿಗೆ ನಮಗೂ ಅವರಿಗೂ ಎಲ್ಲೋ ಒಂದು ನೆಂಟಸ್ತಿಕೆ ಸಿಕ್ಕಿರುತ್ತದೆ. ಬಸ್ಸಿನಲ್ಲಿ ಇದರಿಂದ ಯಾರಿಗೂ ಹಾನಿಯಿಲ್ಲ. ಕೆಲಸ ಕೊಡುವ ಕುರ್ಚಿಯಲ್ಲಿ ಕೂತು ಇದನ್ನೇ ಕೇಳಿದರೆ ಏನಾಗುತ್ತದೆಂಬುದನ್ನು ಮಾತ್ರ ನಾನು ಅನುಭವಿಸಿ ಬಲ್ಲೆ.

ತೊಂಬತ್ತೇಳರಲ್ಲಿ ಕುಂದಾಪುರದ ಒಂದು ಬಟ್ಟೆಯಂಗಡಿಯ ಮಾಳಿಗೆಯಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟು ಕ್ಲಾಸು ಶುರುಮಾಡಿದವಳು ನಾನು. ಚಪ್ಪಲಿ ಹೊರಗೆ ಬಿಟ್ಟು ಬರಬೇಕು, ಕೈಕಾಲು ತೊಳೆದಿದ್ದರೆ ಇನ್ನೂ ಒಳ್ಳೆಯದು. ಯಂತ್ರಗಳಿಗೆ ಹೂವಿನ ಬಟ್ಟೆಯ ಮುಸುಕು ಬೇರೆ. ಕ್ಲಾಸು ಬೆಳೆದು ಮುಂದಿನ ಹತ್ತು ವರ್ಷದಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಯಾಯಿತು. ಐಸ್ ಪ್ಲಾಂಟು, ಅಕ್ಕಿ ಗಿರಣಿ, ಮೀನಿನ ವ್ಯಾಪಾರ ಇವರಿಗೆಲ್ಲ ಬೇಕಾದ ಪ್ರೋಗ್ರಾಂ ನಾವು ಬರೆದುಕೊಡುತ್ತೇವೆ. ಬ್ರಹ್ಮಾವರದಿಂದ ಬೈಂದೂರಿನವರೆಗೆ ನಮ್ಮ ಕೆಲಸ ನಡೆಯುತ್ತಿದೆ ಎಂದು ಹೇಳುವಾಗ ನನ್ನ ಕುತ್ತಿಗೆ ಒಂದಂಗುಲ ಉದ್ದವಾಗುತ್ತದೆ. ಆಗಲಿ ಬಿಡಿ, ಹೆಮ್ಮೆ ಪಡುವಂಥದ್ದಕ್ಕೆ ಪಡದಿದ್ದರೆ ಅದೂ ಒಂದು ಬಗೆಯ ಸುಳ್ಳೇ.

ಕಚೇರಿ ಎಂದ ಮೇಲೆ ಜನ ಬೇಕು. ಮೊದಮೊದಲು ಜನ ಬರುತ್ತಿದ್ದದ್ದು ಮನೆ ಕೇಳಿಕೊಂಡೇ. ಬ್ರಹ್ಮಾವರದ ನನ್ನ ಸೋದರತ್ತೆ ಒಮ್ಮೆ ತನ್ನ ನಾದಿನಿಯ ಮಗನನ್ನು ಕಳಿಸಿ, "ಅಂವಂಗೆ ಕಂಪ್ಯೂಟ್ರ್ ಅಂದ್ರ್ ಬೆರಳ್ ತುದಿಯಂಗೆ ಇತ್ತ್ ಮಾರಾಯ್ತಿ" ಎಂದರು. ಮಾತು ನಿಜವೇ ಆಗಿತ್ತು. ಕಂಪ್ಯೂಟರಿನ ಇಸ್ಪೀಟಾಟದಲ್ಲಿ ಅವನ ಬೆರಳಿನ ವೇಗ ನೋಡಬೇಕಿತ್ತು. ಅವನನ್ನು ಕೆಲಸದಿಂದ ಬಿಡಿಸಿದರೆ ಮುಂದಿನ ಮದುವೆ ಮನೆಯಲ್ಲಿ ಅತ್ತೆಗೆ ಮುಖ ತೋರಿಸುವುದು ಹೇಗೆ ಎಂಬ ಹೆದರಿಕೆಯಿಂದ ಎರಡು ವರ್ಷ ಸುಮ್ಮನಿದ್ದೆ. ಕೊನೆಗೆ ಅವನೇ ಬೇಸತ್ತು ಬಿಟ್ಟುಹೋದ.

ಆಮೇಲೆ ನನಗೆ ಪರೀಕ್ಷೆಗಳ ಹುಚ್ಚು ಹಿಡಿಯಿತು. ಯೋಚಿಸಿದರೆ ಪರೀಕ್ಷೆ ನಮ್ಮಲ್ಲಿ ಹೊಸದೇನಲ್ಲ. ತೆಂಗಿನಕಾಯಿಯನ್ನು ಬೆರಳಲ್ಲಿ ತಟ್ಟದೆ ಯಾರು ಕೊಳ್ಳುತ್ತಾರೆ? ತೆಕ್ಕಟ್ಟೆಯಲ್ಲಿ ನನ್ನ ಅಪ್ಪನ ದಿನಸಿ ಅಂಗಡಿಗೆ ಕೆಲಸ ಕೇಳಿ ಬಂದವರ ಕೈಗೆ ಅಪ್ಪ ಮೊದಲು ಕೊಡುತ್ತಿದ್ದದ್ದು ಒಂದು ಹಾಳೆ, ಒಂದು ತುಂಡು ನೂಲು, ಅರ್ಧ ಕಿಲೋ ಸಕ್ಕರೆ. ಪೊಟ್ಟಣ ಕಟ್ಟಿ, ಅದನ್ನು ಎತ್ತರದಿಂದ ಬೀಳಿಸಿ, ಸಕ್ಕರೆ ಚೆಲ್ಲದಿದ್ದರೆ ಕೆಲಸ ಸಿಕ್ಕಿತು. ಯಕ್ಷಗಾನದ ಮೇಳದಲ್ಲೂ ಹೊಸಬನಿಗೆ ನೇರ ಕಿರೀಟ ಕಟ್ಟುವುದಿಲ್ಲ. ಜನ ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವಾಗಲೇ ಕೋಡಂಗಿ ಮಾಡಿ ಕುಣಿಸುತ್ತಾರೆ. ಹೆಜ್ಜೆ ತಾಳಕ್ಕೆ ಕೂತರೆ ಮುಂದಿನ ವೇಷ. ಹೀಗೆ ಕೈಯ ಕೆಲಸ ನೋಡಿ ಆರಿಸುವ ಜನರ ನಡುವೆ ಹುಟ್ಟಿ ನಾನೇಕೆ ಅತ್ತೆಯ ಮಾತು ನಂಬಿದೆ ಎಂದು ನನ್ನ ಮೇಲೇ ಸಿಟ್ಟು ಬಂದಿತ್ತು.

ಆದ್ದರಿಂದ ಆನ್‌ಲೈನ್ ಪರೀಕ್ಷೆ ತರಿಸಿದೆ. ಅರ್ಜಿ ಹಾಕಿದವರಿಗೆ ಒಂದು ಲಿಂಕ್ ಹೋಗುತ್ತದೆ. ಅವರು ಎಲ್ಲಿಯಾದರೂ ಕೂತು ಒಂದೂವರೆ ಗಂಟೆಯಲ್ಲಿ ಮೂರು ಪ್ರೋಗ್ರಾಂ ಬರೆಯಬೇಕು. ಯಂತ್ರ ಅದಕ್ಕೆ ಗುಟ್ಟಿನ ಲೆಕ್ಕಗಳನ್ನು ಕೊಟ್ಟು ಓಡಿಸಿ, ನಾವು ಮೊದಲೇ ಬರೆದಿಟ್ಟ ಉತ್ತರದೊಡನೆ ತಾಳೆ ನೋಡಿ ಅಂಕ ಹಾಕುತ್ತದೆ. ಎಪ್ಪತ್ತಕ್ಕಿಂತ ಕಡಿಮೆ ಬಂದವರಿಗೆ ಸಂಜೆ ಆರಕ್ಕೆ ತಾನಾಗಿ "ಕ್ಷಮಿಸಿ" ಎಂಬ ಪತ್ರ ಹೋಗುತ್ತದೆ. ನಮಗೆ ಕಾಣುವುದು ಬರೀ ನಂಬರು. ಹೆಸರಿಲ್ಲ, ಊರಿಲ್ಲ, ಮನೆಯಂತೂ ಇಲ್ಲವೇ ಇಲ್ಲ. ಇದನ್ನು ಬ್ರಹ್ಮಾವರದ ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ಎಡಬಲದವರು ಪಾಯಸ ಮುಗಿಸುವವರೆಗೂ ವಿವರಿಸಿದ್ದೇನೆ. ಸೋದರತ್ತೆ ಎದುರು ಸಾಲಿನಲ್ಲೇ ಕೂತಿದ್ದರು.

ಪ್ರಶ್ನೆಗಳನ್ನೂ ನಾನೇ ಬರೆದೆ. ಎಲ್ಲಿಂದಲೋ ಎತ್ತಿ ತಂದ ಪ್ರಶ್ನೆ ಬೇಡ, ನಮ್ಮ ಊರಿನದೇ ಇರಲಿ ಎಂದು ಮೂರನೆಯದಕ್ಕೆ ಮೀನು ಪಾಲು ಮಾಡುವ ಲೆಕ್ಕ ಕೊಟ್ಟೆ. ದಡಕ್ಕೆ ಎಳೆದ ಬಲೆಯಲ್ಲಿ ಇಷ್ಟು ಬುಟ್ಟಿ ಮೀನು, ಬಲೆಯ ಧಣಿ ಒಬ್ಬ, ದೋಣಿಯಲ್ಲಿ ಹೋದವರು ಇಷ್ಟು ಮಂದಿ. ಸಮಪಾಲು ಮಾಡಿ, ಭಾಗವಾಗದೆ ಉಳಿದದ್ದನ್ನು ವಾಡಿಕೆಯಂತೆ ಕೊಡಿ. ಜೊತೆಗೆ ದಾರಿ ತಪ್ಪಿಸಲೆಂದೇ ಇನ್ನೊಂದು ಪಟ್ಟಿ ಸೇರಿಸಿದ್ದೆ: ದಡದಲ್ಲಿ ನಿಂತಿದ್ದು, ಬಲೆ ಬಂದಾಗ ಹಗ್ಗಕ್ಕೆ ಕೈಕೊಟ್ಟವರ ಹೆಸರು. ಜಾಣರು ಅದನ್ನು ಬದಿಗಿಟ್ಟು ಉಳಿದ ಮೀನನ್ನು ಧಣಿಯ ಪಾಲಿಗೆ ಸೇರಿಸುತ್ತಾರೆ ಎಂಬುದು ನನ್ನ ಎಣಿಕೆ. ಅಂಗಡಿಯಲ್ಲಿ ಉಳಿದದ್ದು ಅಂಗಡಿಯವನದು, ಬಲೆಯಲ್ಲಿ ಉಳಿದದ್ದು ಬಲೆಯವನದು, ಅಲ್ಲವೇ? ನಮ್ಮದು ಮೀನು ಹೊಸ್ತಿಲು ದಾಟದ ಮನೆ ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಮೂವತ್ತೈದು ಮಂದಿ ಬರೆದರು. ಫಲಿತಾಂಶದ ದಿನ ಮಧ್ಯಾಹ್ನ, ನಮ್ಮ ಕಚೇರಿಗೆ ಮೊದಲು ಸೇರಿದ ಯಡ್ತರೆಯ ಗಣೇಶ ನನ್ನ ಮೇಜಿನ ಹತ್ತಿರ ಬಂದು, "ಮೇಡಂ, ಈ ಇಪ್ಪತ್ತ್ಮೂರ್ನೇ ನಂಬ್ರ್ ಒಂಚೂರ್ ಕಾಣಿ. ಎರಡ್ ಪ್ರೋಗ್ರಾಂ ಎಲ್ಲರ್ಕಿಂತ ಚಂದ ಬರ್ದಿರ್. ಮೂರ್ನೇದ್ರಂಗೆ ಸೊನ್ನೆ" ಎಂದ. ಒಟ್ಟು ಅರವತ್ತೆರಡು. ಆರು ಗಂಟೆಗೆ ಕ್ಷಮಿಸಿ ಪತ್ರ ಹೋಗುವ ಗುಂಪು.

ಮೂರನೆಯ ಪ್ರೋಗ್ರಾಂ ತೆಗೆದು ನೋಡಿದೆ. ಉಳಿದ ಮೀನನ್ನೆಲ್ಲ ಹಗ್ಗ ಎಳೆದವರಿಗೆ ಹಂಚಿಬಿಟ್ಟಿತ್ತು. ನಡುವೆ ಒಂದು ಸಾಲು ಟಿಪ್ಪಣಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: ಉಳಿದದ್ದು ಧಣಿಗೆ ಅಲ್ಲ, ಹಗ್ಗ ಹಿಡಿದವರಿಗೆ, ವಾಡಿಕೆಯಂತೆ.

ಮೊದಲು ನನಗೆ ಸಿಟ್ಟೇ ಬಂತು. ನಿಯಮ ಎಂದರೆ ನಿಯಮ. ಒಬ್ಬರಿಗಾಗಿ ಬಗ್ಗಿಸಿದರೆ ನಾಳೆ ಮತ್ತೆ ಅತ್ತೆಯ ನಾದಿನಿಯ ಮಗನೇ ಗತಿ. ಆದರೆ "ವಾಡಿಕೆ" ಎಂಬ ಮಾತು ನಾನೇ ಬರೆದದ್ದು. ಅದು ಯಾರ ವಾಡಿಕೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ನಾಲ್ಕು ಗಂಟೆಗೆ ಬೈಂದೂರಿನ ಮಂಜಕ್ಕನಿಗೆ ಫೋನು ಮಾಡಿದೆ. ಮೀನಿನ ವ್ಯಾಪಾರದಲ್ಲಿ ತಲೆ ನರೆತವರು, ನಮ್ಮ ಹಳೆಯ ಗಿರಾಕಿ.

"ಹ್ವಾಯ್, ನಿಮ್ಗ್ ಇಷ್ಟೂ ಗೊತ್ತಿಲ್ಯಾ?" ಎಂದರು. "ನಮ್ ಕೇರಿಯಂಗೆ ಹಗ್ಗಕ್ಕೆ ಕೈ ಹಾಕ್ದವ್ರನ್ನ ಬರಿಗೈಯಂಗೆ ಕಳ್ಸುಕಿಲ್ಲ. ಧಣಿಗೆ ಅವ್ನ್ ಪಾಲ್ ಇತ್ತಲ್ದಾ, ಮತ್ತೆಂತಕೆ?"

ಅಂದರೆ ಆಗಿದ್ದು ಇಷ್ಟು. ವಾಡಿಕೆ ಗೊತ್ತಿಲ್ಲದವರೆಲ್ಲ ನನ್ನ ಹಾಗೆಯೇ ಊಹಿಸಿ ಅಂಕ ಗಳಿಸಿದ್ದರು. ಗೊತ್ತಿದ್ದ ಒಬ್ಬರು ಸೊನ್ನೆ ಪಡೆದಿದ್ದರು. ಮನೆ ಕೇಳದ ಪರೀಕ್ಷೆ ಎಂದು ಪಂಕ್ತಿಯಲ್ಲಿ ಕೊಚ್ಚಿಕೊಂಡವಳು ಪ್ರಶ್ನೆಯ ಹೊಟ್ಟೆಯೊಳಗೆ ನನ್ನ ಮನೆಯನ್ನೇ ಬಚ್ಚಿಟ್ಟಿದ್ದೆ. ನಾಚಿಕೆಯಾಯಿತು. ಹಾಗೆಂದು ಮಂಜಕ್ಕನ ಉತ್ತರವೊಂದೇ ಸರಿ ಎಂದರೆ ಉಳಿದ ಮೂವತ್ತನಾಲ್ಕು ಮಂದಿಗೂ ಸೊನ್ನೆ, ನನ್ನನ್ನೂ ಸೇರಿಸಿದರೆ ಮೂವತ್ತೈದು. ತಪ್ಪು ಪ್ರಶ್ನೆಯದು, ಬರೆದವರದಲ್ಲ. ಎರಡು ಉತ್ತರವನ್ನೂ ಒಪ್ಪುವಂತೆ ತಿದ್ದಿ ಗಣೇಶ ಎಲ್ಲರ ಪ್ರೋಗ್ರಾಮನ್ನೂ ಮತ್ತೊಮ್ಮೆ ಓಡಿಸಿದ. ಐದೂಮುಕ್ಕಾಲಿಗೆ ಇಪ್ಪತ್ತಮೂರನೆಯ ನಂಬರಿಗೆ ತೊಂಬತ್ತೈದು ಬಂತು, ಎಲ್ಲರಿಗಿಂತ ಮೇಲೆ. ಇದ್ದದ್ದು ಒಂದೇ ಕೆಲಸ. ಆ ಸಂಜೆಯ ಕ್ಷಮಿಸಿ ಪತ್ರಗಳನ್ನು ಸಂದರ್ಶನ ಮುಗಿಯುವವರೆಗೆ ತಡೆದಿಟ್ಟೆವು.

ಆ ನಂಬರಿನ ಹೆಸರು ಸುಪ್ರೀತಾ, ಊರು ಕಿರಿಮಂಜೇಶ್ವರ. ಸಂದರ್ಶನಕ್ಕೆ ಬಂದು ಕೂತಾಗ ಯಾವ ಮನೆ ಎಂದು ಕೇಳದಿರಲು ನಾನು ನೀರು ಕುಡಿಯಬೇಕಾಯಿತು. ಮೂರನೆಯ ಪ್ರಶ್ನೆಯ ಕತೆಯನ್ನು ಮುಚ್ಚಿಡದೆ ಹೇಳಿ, "ತಪ್ಪು ನನ್ನದು" ಎಂದೆ. ಅವಳು ನಗಲಿಲ್ಲ.

"ನಮ್ಮ ಅಜ್ಜಯ್ಯಂಗೆ ದೋಣಿ ಹತ್ತುಕಾಗ್ದಿದ್ ಮೇಲೂ ದಿನಾ ಹಗ್ಗ ಎಳುಕೆ ಹೋತಿದ್ರ್ ಮೇಡಂ," ಎಂದಳು. "ಉಳ್ದ್ ಮೀನ್ ಧಣಿಗ್ ಅಂತ ಬರಿಯುಕೆ ನಂಗ್ ಮನಸ್ ಬರ್ಲಿಲ್ಲ. ಅಂಕ ಹೋತ್ತ್ ಅಂತ ಗೊತ್ತಿದ್ರೂ ಹಾಂಗೆ ಬರಿತಿದ್ದೆ ಕಾಣ್ತ್."

ಅವಳೇ ಮುಂದುವರಿಸಿದಳು. "ಇನ್ನೊಂದ್ ಹೇಳ್ಲಕ್ಕಾ? ನಿಮ್ಮ ಲೆಕ್ಕದಂಗೆ ದಿನಾ ಮೀನ್ ಬಿದ್ದಿತ್ತ್. ಬಲೆ ಬರಿದೆ ಬಪ್ಪುದೂ ಇತ್ತಲ್ದಾ?"

ಜೊತೆಗೆ ಕೂತಿದ್ದ ಗಣೇಶ ಅಲ್ಲೇ, ಉತ್ತರಕ್ಕೆಂದು ನಾನು ಬರೆದಿಟ್ಟಿದ್ದ ಪ್ರೋಗ್ರಾಮಿಗೂ ಅವಳದಕ್ಕೂ ಸೊನ್ನೆ ಬುಟ್ಟಿ ಕೊಟ್ಟು ನೋಡಿದ. ನನ್ನದು ಖಾಲಿ ಬಲೆ ಕಂಡು ಒಂದಕ್ಷರವನ್ನೂ ಬರೆಯದೆ ಮುಗಿದುಹೋಯಿತು. ಅವಳದು ಎಲ್ಲರ ಹೆಸರನ್ನೂ ಒಂದರ ಕೆಳಗೊಂದು ಬರೆಯಿತು: ಧಣಿ, ದೋಣಿಯವರು, ಕೊನೆಗೆ ಹಗ್ಗ ಎಳೆದವರು. ಪ್ರತಿ ಹೆಸರಿನ ಮುಂದೆ ಸೊನ್ನೆ.

"ಕೊಡುಕೆ ಏನೂ ಇಲ್ಲ ಅಂದ್ ಮೇಲೆ ಹೆಸ್ರ್ ಎಂತಕೆ?" ಎಂದು ಕೇಳಿದೆ. ನನಗರಿವಿಲ್ಲದೆ ನಾಲಿಗೆ ಊರಿನ ಮಾತಿಗೆ ಇಳಿದಿತ್ತು.

"ಅವ್ರ್ ಬಂದ್ ಎಳ್ದದ್ ಹೌದಲ್ದಾ ಮೇಡಂ" ಎಂದಳು.

ಕೆಲಸ ಅವಳಿಗೆ ಕೊಟ್ಟೆ ಎಂದು ಹೇಳಬೇಕಾಗಿಲ್ಲ. ಅಂಥವಳನ್ನು ಆರಿಸಿದ ಕಚೇರಿ ನನ್ನದು ಎಂಬ ಹೆಮ್ಮೆಯನ್ನೂ ಅಡಗಿಸುವುದಿಲ್ಲ. ಅವಳು ಹೋದ ಮೇಲೆ ಯಂತ್ರದ ಆ ಆರು ಗಂಟೆಯ ಪತ್ರವನ್ನು ಪೂರ್ತಿ ನಿಲ್ಲಿಸಿಬಿಡಲು ಗಣೇಶನಿಗೆ ಹೇಳಿ, ಉಳಿದವರ ನಂಬರು ತೆಗೆದು ಹೆಸರು ಹಾಕಿಸಿದೆ. ಮೂವತ್ತನಾಲ್ಕು ಹೆಸರು. ಒಬ್ಬೊಬ್ಬರಿಗೂ, ನೀವು ಬರೆದ ಇಂಥ ಜಾಗ ನನಗೆ ಹಿಡಿಸಿತು, ಪರೀಕ್ಷೆಗೆ ಕೈಹಾಕಿದ್ದಕ್ಕೆ ಸಂತೋಷ ಎಂದು ಕೈಯಾರೆ ಕಾಗದ ಬರೆದೆ. ಮೂರು ದಿನ ಹಿಡಿಯಿತು, ಬೆರಳು ಊದಿಕೊಂಡಿತು. ಕೊಡಲು ನನ್ನ ಹತ್ತಿರ ಬೇರೇನೂ ಇರಲಿಲ್ಲ.