ತೋಳಿನೊಳಗಿನ ಮಡಿಕೆ

ಮೊನ್ನೆ ಹಳೆಯ ಟ್ರಂಕು ಖಾಲಿ ಮಾಡುವಾಗ ಮಗನ ಶಾಲೆಯ ಬಿಳಿ ಅಂಗಿ ಸಿಕ್ಕಿತು. ತೋಳು ತಿರುವಿ ನೋಡಿದರೆ ಬಿಚ್ಚಿದ ಹೊಲಿಗೆಯ ಎರಡು ಗೆರೆ. ಹುಡುಗ ಬೆಳೆದ ಹಾಗೆ ಬಿಚ್ಚಿ ಉದ್ದ ಮಾಡಿಕೊಳ್ಳಲಿ ಎಂದು ಖಾನಾಪುರದ ಟೇಲರ್ ಕಾಕಾ ಒಳಗೆ ಮಡಿಕೆ ಬಿಟ್ಟು ಹೊಲಿಯುತ್ತಿದ್ದರು. ಗೆರೆಯ ಮೇಲೆ ಬೆರಳಾಡಿಸಿದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಬೆಳಗಾವಿಯಿಂದ ದಿನಾ ಬಸ್ಸು. ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಕಾಕಾರ ಮಷೀನು. ಹರೆಯದಲ್ಲಿ ಫೌಜಿಗೆ ಸೇರಿ ಇಟಲಿಯವರೆಗೆ ಹೋಗಿ ಕಾದಾಡಿ ಬಂದವರು. ಆ ಸೀಮೆಯಲ್ಲಿ ಅಂಥವರು ಬೇಕಾದಷ್ಟು ಜನ, ಅದಕ್ಕೇ ಯಾರೂ ಏನೂ ಕೇಳುತ್ತಿರಲಿಲ್ಲ.

ಎರಡನೇ ಮಹಾಯುದ್ಧದ ಪಾಠ ಬಂತು. ಪದವಿ ಕಳೆದುಕೊಂಡು ಸೆರೆಯಲ್ಲಿದ್ದ ಇಟಲಿಯ ಸರ್ವಾಧಿಕಾರಿಯನ್ನು ಜರ್ಮನರು ಬಿಡಿಸಿ ತಂದು, ಉತ್ತರದ ಸರೋವರವೊಂದರ ದಂಡೆಯಲ್ಲಿ ಮತ್ತೆ ಕುರ್ಚಿ ಹಾಕಿ ಕೂರಿಸಿದ್ದರು. ಆ ಸರ್ಕಾರಕ್ಕೆ ಎರಡು ವರ್ಷವೂ ತುಂಬಲಿಲ್ಲ. ಪುಸ್ತಕದಲ್ಲಿ ಅದಕ್ಕೆ ಒಂದೇ ಸಾಲು. ಕಣ್ಣಾರೆ ಕಂಡವರು ಊರಲ್ಲೇ ಇದ್ದಾರಲ್ಲ ಎಂದು ಕಾಕಾರನ್ನು ತರಗತಿಗೆ ಕರೆದೆ. ಇಸ್ತ್ರಿ ಮಾಡಿದ ಕೋಟು ತೊಟ್ಟು ಬಂದರು. ನನಗೆ ಬೇಕಿದ್ದದ್ದು ಶೌರ್ಯದ, ಪದಕದ ಕಥೆ. ಕಾಕಾ ಶುರು ಮಾಡಿದ್ದೇ ಬೇರೆ.

“ಆ ಸರ್ಕಾರ ಮೀಸಿ ಮೂಡದ ಪೋರಗೋಳಿಗೂ ಕರಿ ಅಂಗಿ ಹಾಕಿ ಬಂದೂಕು ಕೊಡ್ತು. ಬರೂದಿಲ್ಲ ಅಂದವರಿಗೆ ಗುಂಡು. ಕಡೀಕ ಸರ್ಕಾರ ಬಿತ್ತು, ದೊಡ್ಡವರು ಓಡಿದ್ರು, ಹುಡುಗ್ರು ಉಳದ್ರು. ಒಬ್ಬಾಂವ ಬಣವಿ ಹಿಂದ ಅಡಗಿದ್ದ, ನಾನ ಹಿಡದೆ. ತೋಳ ಹಿಡದಾಗ ಬೆರಳಿಗೆ ಮಡಿಕಿ ಹತ್ತಿತ್ರಿ ಅಕ್ಕೋರ. ಸರ್ಕಾರ ಕೊಟ್ಟ ಅಂಗೀನೂ ಮಗ ಬೆಳಿತಾನಂತ ಅವರವ್ವ ಒಳಗ ಮಡಿಚಿ ಹೊಲದಿದ್ಲು.”

ಕಾಕಾ ತಮ್ಮ ಕೋಟಿನ ತೋಳನ್ನೊಮ್ಮೆ ಸವರಿಕೊಂಡರು.

“ಆ ಸರ್ಕಾರದ ಕೈಯಾಗ ತಮ್ಮ ಮಂದೀನ್ನ ಕಳಕೊಂಡಿದ್ದ ಊರವರು, ಅವನ್ನ ನಮಗ ಕೊಡ್ರಿ ಅಂದ್ರು. ಜೇಲಿಗೆ ಹಾಕ್ತಾರಂತ ತಿಳದು ಕೊಟ್ಟೆ. ಗ್ವಾಡಿಗೆ ನಿಂದ್ರಿಸಿ ಗುಂಡು ಹೊಡದ್ರು. ಒಯ್ಯೂ ಮುಂದ ಆ ಹುಡುಗ ಹೊಳ್ಳಿ ನೋಡಿ ನನಗ…”

ಮುಂದಿನ ಬೆಂಚಿನ ಹುಡುಗಿ ಬಿಕ್ಕಿದಳು. ಕಿಟಕಿಯಲ್ಲಿ ಹೆಡ್‌ಮಾಸ್ತರರ ಮುಖ ಕಂಡಿತು. ಹೊಸ ನೌಕರಿ, ನನಗೆ ಪುಕುಪುಕು.

“ಸಾಕ್ರಿ ಕಾಕಾ, ಹುಡುಗ್ರು ಅಂಜತಾವ,” ಎಂದುಬಿಟ್ಟೆ. ಅಷ್ಟಕ್ಕೇ ಬಿಡದೆ ಮಕ್ಕಳಿಂದ ಜೋರಾಗಿ ಚಪ್ಪಾಳೆ ಬೇರೆ ತಟ್ಟಿಸಿದೆ.

“ಹೂಂನ್ರಿ, ತಪ್ಪಾತು,” ಎಂದು ಕಾಕಾ ಟೊಪ್ಪಿಗೆ ಎತ್ತಿಕೊಂಡು ಹೋದರು.

ಆಮೇಲೂ ಮಗನ ಅಂಗಿ ಹೊಲಿದುಕೊಟ್ಟರು, ಮಡಿಕೆ ಸ್ವಲ್ಪ ಹೆಚ್ಚೇ ಬಿಟ್ಟು. ಯುದ್ಧದ ಮಾತು ಮಾತ್ರ ಎತ್ತಲಿಲ್ಲ. ಹೇಗೂ ದಿನಾ ಸಿಗುತ್ತಾರೆ, ನಾಳೆ ಕೇಳಿದರಾಯಿತು ಎಂದು ನಾನೂ ಬಸ್ಸು ಹತ್ತುತ್ತಿದ್ದೆ. ಒಂದು ಬೇಸಿಗೆ ರಜೆ ಮುಗಿಸಿ ಹೋದಾಗ ಮಷೀನು ಇರಲಿಲ್ಲ. ಬೀಡಿ ಎಂಬ ಊರಿನಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು ಎಂದು ಪಕ್ಕದ ಚಹದಂಗಡಿಯವರು ಹೇಳಿದರು…

ಮಗನಿಗೆ ಈಗ ಐವತ್ತು ದಾಟಿದೆ. ಈ ತೋಳಿನ ಮಡಿಕೆಯನ್ನು ನಾನು ಎರಡು ಸಲ ಬಿಚ್ಚಿದೆ. ಆ ತಾಯಿಗೆ ಒಮ್ಮೆಯೂ ಬಿಚ್ಚಲಾಗಲಿಲ್ಲ. ಹೊಳ್ಳಿ ನೋಡಿ ಆ ಹುಡುಗ ಏನು ಹೇಳಿದನೋ… ಮೂವತ್ತು ವರ್ಷಕ್ಕೂ ಮೇಲೆ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿಬಿಡಲೆಂದೇ ಕಾಕಾ ಅಂದು ಕೋಟು ತೊಟ್ಟು ಬಂದಿದ್ದರು. ನಾನು ಚಪ್ಪಾಳೆ ತಟ್ಟಿಸಿದೆ.