ತಲೆಗೆ ಹತ್ತದ ಬೆಳಕು

ತಿಳಿಯದ್ದನ್ನು ತಿಳಿಯಿತು ಎನ್ನುವ ಅಭ್ಯಾಸ ನನಗಿಲ್ಲ. ಇದರಿಂದ ಮನೆಯವರಿಗೆಲ್ಲ ತೊಂದರೆ. ಈ ಸಲ ಸಿಕ್ಕಿಬಿದ್ದವಳು ಮೊಮ್ಮಗಳು ಸುಮಾ. ದಾವಣಗೆರೆಯಲ್ಲಿ ಲೇಸರ್ ಬೆಳಕು ಹಿಡಿದುಕೊಂಡು ಅದೇನೋ ಸಂಶೋಧನೆ ಮಾಡುತ್ತಾಳೆ. ಮರುದಿನ ಹರಿಹರದ ಶಾಲೆಯೊಂದರಲ್ಲಿ ಅದನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳಬೇಕಿತ್ತು. ಹಿಂದೊಮ್ಮೆ ಹೀಗೇ ಹೇಳಲು ಹೋಗಿ, ಮಕ್ಕಳು ಆಕಳಿಸಿದ್ದು ನೋಡಿ ಮಾತು ಅರ್ಧಕ್ಕೇ ಬಿಟ್ಟು ಬಂದಿದ್ದಳು. ಮತ್ತೆ ಹಾಗಾದರೆ ಇನ್ನು ಮಕ್ಕಳ ಮುಂದೆ ನಿಲ್ಲುವುದೇ ಇಲ್ಲ ಎಂದು ಕೂತಿದ್ದಳು.

"ಅಜ್ಜಿ, ನಿನಗೆ ತಿಳಿದ್ರೆ ಕಲ್ಲಿಗೂ ತಿಳಿದಂಗೆ. ಕೇಳು," ಎಂದಳು. ದೋಸೆ ಹೊಯ್ಯುತ್ತ ಕೇಳಿದೆ.

ಎರಡು ಪ್ಲಾಸ್ಟಿಕ್ ಹಾಳೆ ಹಿಡಿದಳು. "ಇದರಾಗೆ ಬಣ್ಣ ಐತೆ, ಅದರಾಗೆ ಇಲ್ಲ. ಒಂದರ ಮೇಲೊಂದಿಟ್ಟು ಲೇಸರ್ ಬಿಟ್ರೆ, ಬಣ್ಣದ ಕಣ ಇದರಿಂದ ಅದರೊಳಕ್ಕೆ ಹೋಗಿ ಕೂರ್ತಾವೆ."

"ತಿಕ್ಕಿದ್ರೂ ಹೋಗತೈತೆ. ಬೆಳಕು ಯಾಕ?"

"ತಿಕ್ಕಿದ್ರೆ ಎಲ್ಲಾ ಕಡೆ ಬಳ್ಕಂತೈತೆ. ಬೆಳಕು ಬಿದ್ದ ಚುಕ್ಕಿಗಷ್ಟೇ ಬಣ್ಣ ಹತ್ತಬೇಕು."

ಈ 'ಹತ್ತು' ನನ್ನ ದಾರಿ ತಪ್ಪಿಸಿತು. ಬಣ್ಣ ಹತ್ತುತ್ತದೆ, ಬೆಂಕಿ ಹತ್ತುತ್ತದೆ, ಕಜ್ಜಿಯೂ ಹತ್ತುತ್ತದೆ. ಹರಿಹರದ ಬಸ್ಸನ್ನು ನಾವೇ ಹತ್ತುತ್ತೇವೆ. ಮಗ್ಗಿ ಹತ್ತಕ್ಕೆ ಬರುವಷ್ಟರಲ್ಲಿ 'ಇವಳ ತಲೆಗೆ ಹತ್ತಂಗಿಲ್ಲ' ಎಂದು ನನ್ನನ್ನು ಶಾಲೆ ಬಿಡಿಸಿ ಎಮ್ಮೆಯ ಹಿಂದೆ ಕಳಿಸಿದರು. ಇವಳದು ಇದರಲ್ಲಿ ಯಾವ ಹತ್ತು?

"ಬೆಳಕು ಅಷ್ಟು ಜೋರಿದ್ರೆ ಹಾಳೆ ಸುಟ್ಟು ಮುದುರಬೇಕಲ್ಲ?" ಎಂದೆ.

ಸುಮಾ ಹಂಚಿನ ಕಡೆ ತಿರುಗಿದಳು. ನಾನು ಬರಿ ಬೆರಳಲ್ಲಿ ದೋಸೆ ತಿರುವಿ ಹಾಕಿದ್ದನ್ನು ನೋಡಿ, "ನಿನ್ನ ಬೆರಳು ಯಾಕ ಸುಡಲಿಲ್ಲ?" ಎಂದಳು.

"ಥಟ್ಟನೆ ತಗೀತೀನಲ್ಲ."

"ಹಂಗೇ ಇದೂ! ಬೆಳಕು ಕಣ್ಣು ಮಿಟುಕಿಸೋದರೊಳಗೆ ಬಂದು ಹೋಗತೈತೆ. ಕಣ ಜಿಗೀತಾವೆ, ಹಾಳೆಗೆ ಸುಡೋಕೆ ಪುರುಸೊತ್ತಿಲ್ಲ. ಈಗ ತಿಳೀತಾ?"

"ಇಲ್ಲ."

ಅವಳ ಮುಖ ಸೀದ ದೋಸೆಯಾಯಿತು. ತಿಳೀತು ಎಂದಿದ್ದರೆ ಹುಡುಗಿ ನೆಮ್ಮದಿಯಾಗಿ ಮಲಗುತ್ತಿದ್ದಳೇನೋ. ಆದರೆ ನನ್ನ ಬೆರಳು ಹಂಚಿನಿಂದ ಹಂಚಿಗೆ ಜಿಗಿಯುವುದಿಲ್ಲವಲ್ಲ, ಕಣಕ್ಕೇನು ಅವಸರ?

ಮರುದಿನ ನನ್ನನ್ನು ಶಾಲೆಯ ಮುಂದಿನ ಸಾಲಿನಲ್ಲಿ ಕೂರಿಸಿದಳು. ಮಾತು ಅರ್ಧಕ್ಕೆ ಬಂದಿತ್ತು. ಯಾರೋ ಆಕಳಿಸಿದರು. ಸುಮಾ ಕೈಯಲ್ಲಿದ್ದ ಹಾಳೆಗಳನ್ನು ಕೆಳಗಿಟ್ಟಳು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು, "ಮಿಸ್, ಆ ಹಾಳೆ ಸುಟ್ಟು ಹೋಗಂಗಿಲ್ಲೇನ್ರಿ?" ಎಂದಳು.

ಸುಮಾ ನನ್ನ ಕಡೆ ನೋಡಿ ನಕ್ಕಳು. "ನಿಮ್ಮನೇಲಿ ದೋಸೆ ಯಾರು ಹೊಯ್ತಾರೆ?" ಎಂದು ಶುರು ಮಾಡಿದವಳು ಗಂಟೆ ಹೊಡೆದರೂ ನಿಲ್ಲಿಸಲಿಲ್ಲ.

ವಾಪಸು ಬಸ್ಸಿನಲ್ಲಿ ಕೇಳಿದಳು: "ಮಕ್ಕಳಿಗೆಲ್ಲ ತಿಳೀತಂತೆ. ನಿನಗೆ?"

"ಇಲ್ಲ."

ಈ ಸಲ ಮುಖ ಸೀಯಲಿಲ್ಲ. ಬಣ್ಣದ ಕಣ ಹೇಗೆ ದಾಟುತ್ತದೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ತಲೆಯಲ್ಲಿದ್ದ ಪ್ರಶ್ನೆಯಂತೂ ಆ ಎರಡು ಜಡೆಯವಳ ತಲೆಗೆ ಹತ್ತಿತ್ತು. ನಡುವೆ ಯಾರೂ ತಿಕ್ಕಿರಲಿಲ್ಲ.